ಕೇಳದೆ ಒತ್ತಿದ ಹೆಬ್ಬೆರಳು

ನಮ್ಮದು ಹೊಲಿಗೆ ಕೆಲಸದ ಹೆಣ್ಣುಮಕ್ಕಳ ಹಕ್ಕುಗಳಿಗಾಗಿ ದುಡಿಯುವ ಪುಟ್ಟ ಸಂಸ್ಥೆ. ಹಾನಗಲ್ಲಿನ ಕಚೇರಿಯಲ್ಲಿ ನಾನು. ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ಒಬ್ಬೊಬ್ಬ ಕಾರ್ಯಕರ್ತೆ. ನಮ್ಮನ್ನು ಒಂದುಗೂಡಿಸಿದ್ದು ಒಂದು ವಾಟ್ಸ್‌ಆ್ಯಪ್ ಗುಂಪು. ರಜೆಯ ದಿನವೂ ಕೆಲಸ ಹೊರಿಸುವ ಇಂಥ ಗುಂಪುಗಳ ಅನ್ಯಾಯದ ಕುರಿತು ನಾನು ಭಾಷಣ ಮಾಡಿದ್ದೇನೆ. ಆ ಅನ್ಯಾಯವನ್ನು ಮಾಡಿಯೂ ಇದ್ದೇನೆ.

ಸವಣೂರಿನ ಅಕ್ಕ ಮಾತ್ರ ಟೈಪ್ ಮಾಡುತ್ತಿರಲಿಲ್ಲ; ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಹಿರೇಕೆರೂರಿನವರ ಮೊಣಕಾಲು ನೋವು, ಶಿಗ್ಗಾಂವಿಯವರ ಮಗಳ ಪರೀಕ್ಷೆ, ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆಯೇ ಅವರ ವಿಷಯ ಬರುವುದು. ಕ್ಷೇಮ ಕೇಳದೆ ಕೆಲಸದ ಮಾತಿಗೆ ಇಳಿಯುವುದು ಅವರ ಓಣಿಯಲ್ಲಿ ಸಲ್ಲದು. ನಾವೋ, ಐದು ನಿಮಿಷದ ಮೆಸೇಜ್ ಕಂಡೊಡನೆ ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಸಾಗುತ್ತಿದ್ದೆವು.

ಕಳೆದ ವರ್ಷ ಅವರು ಬಲು ಕಷ್ಟದಿಂದ ತಮ್ಮ ಓಣಿಯ ಹನ್ನೊಂದು ಹೆಣ್ಣುಮಕ್ಕಳನ್ನು ಸಭೆಗೆ ಒಪ್ಪಿಸಿದ್ದರು. ಫೋನಿನಲ್ಲಿ ಒಂದು ಅಳತೆ ಕಳಿಸಿ, ಅಂಗಿ ಹೊಲಿದ ಮೇಲೆ ಆ ಸಂದೇಶವನ್ನೇ ಅಳಿಸಿ, ಅಳತೆಯ ತಪ್ಪೆಲ್ಲ ಹೊಲಿದವರದೆನ್ನುವ ಗುತ್ತಿಗೆದಾರನ ವಿರುದ್ಧ ಆ ಹೆಣ್ಣುಮಕ್ಕಳು ಮೊದಲ ಬಾರಿ ಬಾಯಿ ತೆರೆಯುವವರಿದ್ದರು. ಸಭೆ ಬಂಕಾಪುರದಲ್ಲಿ, ಹತ್ತು ಗಂಟೆಗೆ. ನಾವು ಮೂವರೂ ಹೋದೆವು. ಬಾಗಿಲಿಗೆ ಬೀಗ.

ಫೋನ್ ಮಾಡಿದೆ. “ಎಲ್ಲಿದ್ದೀರಿ ಅಕ್ಕಾ?”

“ನಮ್ಮ ಮನ್ಯಾಗ್ರಿ! ಬಂಕಾಪುರದಾಗ ಜಾಗ ಸಿಗಲಿಲ್ಲ, ಸವಣೂರಿಗೇ ಬರ್ರಿ ಅಂತ ನಿನ್ನೆ ಹೇಳೇನಲ್ರಿ? ಮೂರೂ ಮಂದಿ ಹೆಬ್ಬಟ್ಟು ಒತ್ತೀರಿ!” ಆಮೇಲೆ ದನಿ ತಗ್ಗಿಸಿದರು: “ಲಗೂ ಬರ್ರಿ. ಇವತ್ತ ಇವರು ಎದ್ದು ಹೋದ್ರ, ಮತ್ತ ನನ್ನ ಮಾತು ನಂಬೂದಿಲ್ಲ.”

ಓದದೆ ಹೆಬ್ಬೆಟ್ಟು ಒತ್ತಬೇಡಿ ಎಂದು ಊರೂರು ಸುತ್ತಿ ಕಲಿಸಿದವಳು ನಾನು. ಮೂವರೂ ಸವಣೂರಿನ ಬಸ್ಸು ಹತ್ತಿದೆವು.

ಹನ್ನೊಂದೂ ಮಂದಿ ಇನ್ನೂ ಕೂತಿದ್ದರು, ಮಡಿಲಲ್ಲಿ ಅಂಗಿಗಳನ್ನಿಟ್ಟುಕೊಂಡು ಗುಂಡಿ ಹಚ್ಚುತ್ತ. ಕೆಲಸ ನಿಲ್ಲದಿದ್ದರೆ ಎದ್ದು ಹೋಗಲಾರರೆಂದು ಅಕ್ಕ ಅವರ ಮನೆಗಳಿಂದ ಅಂಗಿಗಳನ್ನು ತರಿಸಿದ್ದರು. ನಾನು ತಪ್ಪೊಪ್ಪಿಕೊಳ್ಳಲು ಹೊರಟೆ. ಅವರಲ್ಲಿ ಹಿರಿಯರೊಬ್ಬರು ದಾರವನ್ನು ಹಲ್ಲಿನಿಂದ ಕಡಿದು, “ಅದಿರಲಿ ಬಿಡ್ರಿ. ಮೊದಲ ಆಕಿ ಹೇಳಿದ್ದನ್ನ ಪೂರಾ ಕೇಳ್ರಿ, ನಮ್ಮ ಮುಂದ,” ಎಂದರು. ಎಲ್ಲರೂ ನಕ್ಕರು.

ಫೋನನ್ನು ಚಾಪೆಯ ನಡುವೆ ಇಟ್ಟು, ಅಕ್ಕನ ಹಿಂದಿನ ದಿನದ ಮೆಸೇಜ್ ಹಾಕಿದೆ. ಸಭೆಯ ಜಾಗ ಬಂದದ್ದು ನಾಲ್ಕನೆಯ ನಿಮಿಷದಲ್ಲಿ. ಅದಕ್ಕೂ ಮೊದಲು ನನ್ನ ಕೆಮ್ಮು: “ಹಾನಗಲ್ಲ ಅಕ್ಕಾರಿಗೆ ಕೆಮ್ಮು ಭಾಳ ಆಗೇತಿ, ದನಿ ಕೇಳಿದ್ರ ತಿಳೀತೈತಿ. ಕಷಾಯ ಮಾಡಿ ಇಟ್ಟಿರ್ತೇನಿ. ಬ್ಯಾಡ ಅನಬಾರ್ದು.”

ಲೋಟ ನನ್ನೆದುರಿಗೇ ಇತ್ತು, ಆರಿಹೋಗಿತ್ತು. ಪೂರ್ತಿ ಕುಡಿದೆ. ಆಗ ಆ ಹಿರಿಯರು ಅಂಗಿಯನ್ನು ಪಕ್ಕಕ್ಕಿಟ್ಟು, ಗುತ್ತಿಗೆದಾರನ ಮಾತು ತೆಗೆದರು.