ನೂರ ತೊಂಬತ್ತೈದು ಡಿಗ್ರಿ

ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ ನಾನು ಅರಬ್ಬಿ ಸಮುದ್ರದ ನಕಾಶೆ ಹಾಸಿಕೊಂಡು ಕೂತರೆ, ಅವ್ವ ಗೊಣಗುತ್ತ ಸಮುದ್ರ ದಾಟಿಕೊಂಡೇ ಅಡುಗೆಮನೆಗೆ ಹೋಗುತ್ತಿದ್ದಳು. ಗೋವಾದಿಂದ ಲಕ್ಷದ್ವೀಪಕ್ಕೆ ಹೊರಡಲಿದ್ದ ಹಾಯಿದೋಣಿಯಲ್ಲಿ ದಾರಿಯ ಲೆಕ್ಕ ಹಾಕುವ ಜಾಗ ನನಗೆ ಬೇಕಾಗಿತ್ತು. ಕ್ಯಾಪ್ಟನ್ ಇಟ್ಟ ಮೊದಲ ಪರೀಕ್ಷೆಯಲ್ಲಿ ನಕಾಶೆಯ ಮೇಲಿನ ನನ್ನ ದೋಣಿ ದ್ವೀಪ ಬಿಟ್ಟು ಎತ್ತಲೋ ಹೋಗಿತ್ತು. ಇನ್ನೊಂದೇ ಅವಕಾಶ. ತಪ್ಪಿದರೆ ದಂಡೆಯಲ್ಲಿ ನಿಂತು ಕೈ ಬೀಸಬೇಕು.

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ನಕಾಶೆಯ ಮೇಲೆ ಗೆರೆ ಎಳೆದು ಕೋನ ಅಳೆಯಬೇಕು. ಗಾಳಿ ದೋಣಿಯನ್ನು ಪಕ್ಕಕ್ಕೆ ತಳ್ಳುವುದನ್ನು ತಿದ್ದಬೇಕು. ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರ ತೋರಿಸುವುದಿಲ್ಲ, ದೋಣಿಯ ಕಬ್ಬಿಣವೂ ಅದನ್ನು ಎಳೆಯುತ್ತದೆ. ಆ ಎರಡನ್ನೂ ತಿದ್ದಬೇಕು. ಎಲ್ಲ ಬರುತ್ತಿತ್ತು. ಗಾಳಿಗೆ ಕೂಡಬೇಕೋ ಕಳೆಯಬೇಕೋ ಎನ್ನುವಲ್ಲಿ ಮಾತ್ರ ಪ್ರತಿ ಸಲ ಎಡವುತ್ತಿದ್ದೆ.

ತಲೆ ಕೆಟ್ಟು ರಾಜೂರಿಗೆ, ಸೋದರಮಾವನ ಹೊಲಕ್ಕೆ ಹೋದೆ. ಕಡಲೆ ಬಿತ್ತನೆ ಶುರುವಾಗುವುದರಲ್ಲಿತ್ತು. ಮೊದಲ ಸಾಲು ನೆಟ್ಟಗಿದ್ದರೆ ಉಳಿದವು ಅದನ್ನು ಹಿಡಿದು ಬರುತ್ತವೆ. ಅದಕ್ಕೆಂದೇ ಮಾವ ಹೊಲದ ಆ ತುದಿಗೆ ಕೋಲು ನೆಟ್ಟು ಬಿಳಿ ಅರಿವೆ ಕಟ್ಟಿದ್ದರು. ನಾನು ಜಂಬದಿಂದ ಎತ್ತು ಹೂಡಿದ ಕೂರಿಗೆ ಹಿಡಿದೆ, ಮಾವ ಹಿಂದಿನಿಂದ ಬೀಜ ಬಿಡುತ್ತ ಬಂದರು. ಕೋಲಿನ ಮೇಲೇ ಕಣ್ಣಿಟ್ಟು ನಡೆದೆ. ಅರ್ಧ ಹೊಲಕ್ಕೆ ತಿರುಗಿ ನೋಡಿದರೆ ಸಾಲು ಕುಡುಗೋಲಿನ ಹಾಗೆ ಬಲಕ್ಕೆ ಬಾಗಿತ್ತು.

ಮಾವ ಎತ್ತು ನಿಲ್ಲಿಸಿದರು. "ಬೆಳಿ ಬರೂತನಾ ಹಾದಿಗೆ ಹೋಗೋರೆಲ್ಲಾ ನಗತಾರ, ನಗಲಿ ಬಿಡು. ಎಡಗಡೀದು ಹೊಸಾ ಎತ್ತು. ಮುಂದ ನುಗ್ಗಿ ಜೋಡೀನ ಬಲಕ್ಕ ಹೊರಳಸತೈತಿ. ಕೋಲ ನೋಡಬ್ಯಾಡವಾ. ಅದರ ಎಡಕ್ಕ ಜಾಲಿ ಗಿಡ ಐತಲ್ಲ, ಅದನ್ನ ನೋಡಕೋತ ನಡಿ."

"ನಾವು ಗಿಡಕ್ಕ ಹೋಗೂದಲ್ಲಲ್ಲರಿ ಮಾವಾ?"

"ಮುಖಾ ಗಿಡಕ್ಕ. ಹೋಗೂದು ಕೋಲಿಗೆ."

ನಾನು ಹೊಲದ ನಡುವೆ ನಿಂತು ನಗತೊಡಗಿದೆ. ಇಷ್ಟು ದಿನ ಗಾಳಿ ಬಲಕ್ಕೆ ತಳ್ಳಿದರೆ ನಾನೂ ಅದರ ಜೊತೆ ಸೇರಿ ಬಲಕ್ಕೇ ತಳ್ಳುತ್ತಿದ್ದೆ.

ಪರೀಕ್ಷೆ ಪಾಸಾಯಿತು. ಚಳಿಗಾಲದ ಒಂದು ಬೆಳಿಗ್ಗೆ ಗೋವಾ ಬಿಟ್ಟೆವು. ನಕಾಶೆಯ ಕೋನ ನೂರ ತೊಂಬತ್ತಾರು. ಗಾಳಿ ಎಡದಿಂದ, ಮುಖ ಎಡಕ್ಕಿರಲೆಂದು ನಾಲ್ಕು ಕಳೆದೆ. ಮುಳ್ಳಿಗೆ ಒಂದು, ಕಬ್ಬಿಣಕ್ಕೆ ಎರಡು ಕೂಡಿಸಿದೆ. ನೂರ ತೊಂಬತ್ತೈದು. ಮೂರು ಸಲ ತಾಳೆ ನೋಡಿ, ಚುಕ್ಕಾಣಿ ಹಿಡಿದ ಕಾರವಾರದ ಹಿರಿಯರಿಗೆ ಹೇಳಿದೆ. ಅವರು ಒಂದು ಪ್ರಶ್ನೆಯನ್ನೂ ಕೇಳದೆ ತಿರುಗಿಸಿದರು. ಉಳಿದವರು ಚಹಾ ಮಾಡಲು ಹೋದರು.

ನಾನು ಚಹಾ ಬಿಟ್ಟು ಮತ್ತೆ ನಕಾಶೆಯ ಮುಂದೆ ಕೂತೆ. ಆ ಜಾಗಕ್ಕಾಗಿ ಅಷ್ಟು ಹಂಬಲಿಸಿದ್ದೆ. ಎಂಟು ಜನ ನನ್ನ ಮಾತು ನಂಬಿ ಹೊರಟುಬಿಡುತ್ತಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಗಂಟೆಗೊಮ್ಮೆ ಲೆಕ್ಕ ನೋಡಿದೆ. ಎರಡು ದಿನ ಊಟ ರುಚಿಸಲಿಲ್ಲ.

ಮೂರನೆಯ ದಿನ ದ್ವೀಪದ ತೆಂಗಿನ ಮರಗಳು ನೇರ ಎದುರಿಗೇ ಕಂಡವು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಅತ್ತುಬಿಟ್ಟೆ. ಕಾರವಾರದ ಹಿರಿಯರು ಗಾಬರಿಯಾಗಿ ನನ್ನನ್ನು ನೋಡಿದರು.

"ಅಳೋದ್ಯಾಕೆ? ನೀವು ಹೇಳಿದ ಜಾಗಕ್ಕೇ ತಂದೆನಲ್ಲ."