ಮೆಟ್ಟಿಲ ಮೇಲೆ ಕೂತಿದ್ದ ಮೇಡಂ

ನಾನು ಓದು ಬಿಟ್ಟದ್ದು 1993ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಅದನ್ನು ನಾನೇ ಬಿಟ್ಟೆ, ಯಾರೂ ಬಿಡಿಸಲಿಲ್ಲ. ನನ್ನ ಮಗಳು ಕಾವ್ಯಳೂ ಹಾಗೆಯೇ ತಾನಾಗಿ ಬಿಟ್ಟಳು ಎಂದು ಊರಿನವರು ನಂಬಿದ್ದಾರೆ, ಅವಳ ತಾಯಿ ನಂಬಿದ್ದಾಳೆ, ಕಾವ್ಯಳೇ ನಂಬಿದ್ದಾಳೆ. ನಿಜ ಅದಲ್ಲ. ಅವಳನ್ನು ಸ್ಕೂಲಿನಲ್ಲಿ ಹಿಡಿದಿಟ್ಟಿದ್ದವರು ಒಬ್ಬರೇ ಒಬ್ಬರು — ಆ ಕೈಯನ್ನು ಬಿಡಿಸಿದವನು ನಾನು. ಬೆಳಿಗ್ಗೆ ಅವರಿಗೊಂದು ಸುಳ್ಳು ಹೇಳಿದೆ, ಸಂಜೆ ಇವಳಿಗೊಂದು.

ಚಿಕ್ಕರಸಿನಕೆರೆ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಬೇರೆಯವರ ಆಲೆಮನೆಯಲ್ಲಿ ಒಲೆಗೆ ಕಬ್ಬಿನ ಸಿಪ್ಪೆ ನೂಕುತ್ತಿದ್ದವನು ನಾನು. ಆಮೇಲೆ ಪಾಕ ಇಳಿಸುವುದನ್ನು ಕಲಿತೆ, ಆಮೇಲೆ ಸ್ವಂತದ ಗಾಣ ಹಾಕಿಸಿದೆ. ಯಾರ ಮುಂದೆಯೂ ಕೈಕಟ್ಟಿ ನಿಂತವನಲ್ಲ. ಈ ಮಾತನ್ನು ಮದುವೆ ಮನೆಯಲ್ಲಿ, ಡೇರಿಯ ಮುಂದೆ, ಬಸ್ಸಿನಲ್ಲಿ ಪಕ್ಕ ಕೂತವನ ಹತ್ತಿರ, ಎಲ್ಲ ಕಡೆ ಹೇಳಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಜಯಮ್ಮ, "ಗೊತ್ತು ಬುಡಿ, ನೀವು ಕೈ ಕಟ್ಟಿಲ್ಲ" ಅನ್ನುತ್ತಾಳೆ. ತಮಾಷೆಗೆ ಅನ್ನುತ್ತಾಳೆ. ನನಗೆ ಅದರಲ್ಲೂ ಹೆಮ್ಮೆಯೇ ಇತ್ತು.

ಕಾವ್ಯ ನಮಗೆ ಒಬ್ಬಳೇ. ಹೈಸ್ಕೂಲಿಗೆ ಸೇರುವ ತನಕ ಒಂದು ಮಾತು ಎದುರು ಆಡಿದವಳಲ್ಲ. ಒಂಬತ್ತಕ್ಕೆ ಬರುವ ಹೊತ್ತಿಗೆ ಅದೇನು ಹೊಕ್ಕಿತೋ — ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ, ಹತ್ತದಿರುವುದನ್ನು ಹೇಳಿಕೊಳ್ಳಲು ಬಾಯಿ ಬರುತ್ತಿರಲಿಲ್ಲ, ಬದಲಿಗೆ ಜಗಳಕ್ಕೆ ಬಾಯಿ ಬಂತು. ಕಾಂಪೌಂಡು ಹಾರಿ ಕಬ್ಬಿನ ಗದ್ದೆಯಲ್ಲಿ ಕೂರುತ್ತಿದ್ದಳು. ಪಕ್ಕದ ಹುಡುಗಿ "ದಡ್ಡಿ" ಅಂದಳೆಂದು ಜಾಮಿಟ್ರಿ ಬಾಕ್ಸಿನಲ್ಲಿ ಅವಳ ಹಣೆಗೆ ಬಡಿದಳು. ನನ್ನನ್ನು ಕರೆಸಿದರು. ನಾನು ಅವಳನ್ನು ಮನೆಗೆ ಕರೆತಂದು ಹೊಡೆದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಆಗ ಮುಂದೆ ಬಂದವರು ಸುಜಾತ ಮೇಡಂ, ಹಿಂದಿ ಪಾಠ ಮಾಡುತ್ತಿದ್ದವರು, ಮಳವಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು. ಯಾವುದೋ ತರಬೇತಿಯಲ್ಲಿ ಒಂದು ಹೊಸ ಕ್ರಮ ಕಲಿತು ಬಂದಿದ್ದರಂತೆ. ದಾರಿ ತಪ್ಪುವಂತೆ ಕಾಣುವ ಕೆಲವು ಮಕ್ಕಳನ್ನು ಆರಿಸಿಕೊಂಡರು, ಅವರಲ್ಲಿ ಕಾವ್ಯಳೂ ಒಬ್ಬಳು. ಈ ಮಕ್ಕಳು ಪ್ರಾರ್ಥನೆಗೆ ಮುಂಚೆ ಮೇಡಂ ಹತ್ತಿರ ಹೋಗಬೇಕು. ಅವರು ಆಫೀಸಿನ ಮುಂದಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ತಿಂದೆಯಾ, ನಿದ್ದೆ ಆಯಿತಾ, ಮನಸ್ಸಿನಲ್ಲಿ ಏನಾದರೂ ಕೊರೆಯುತ್ತಿದೆಯಾ ಎಂದು ಕೇಳುತ್ತಿದ್ದರು. ಆಮೇಲೆ ಆ ದಿನಕ್ಕೆ ಒಂದೇ ಒಂದು ಕೆಲಸ — ಕೂಗಾಡದೆ ಕೈ ಎತ್ತಿ ಮಾತಾಡುವುದು, ಯಾರಾದರೂ ಕೆಣಕಿದರೆ ಎದ್ದು ಹೋಗಿ ನೀರು ಕುಡಿದು ಬರುವುದು, ಅಂಥದ್ದು. ಪ್ರತಿ ಪೀರಿಯಡ್ಡಿನ ಮೇಷ್ಟ್ರು ಒಂದು ಕಾರ್ಡಿನ ಮೇಲೆ ಹೇಗಾಯಿತೆಂದು ಗುರುತು ಹಾಕಬೇಕು. ಸಂಜೆ ಮತ್ತೆ ಅದೇ ಮೆಟ್ಟಿಲು. ಚೆನ್ನಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಕೆಟ್ಟಿದ್ದರೆ "ನಾಳೆ ಇದೆಯಲ್ಲ" ಅನ್ನುತ್ತಿದ್ದರು. ಬೈಗುಳವಿಲ್ಲ, ಬಸ್ಕಿಯಿಲ್ಲ. ಮನೆಯಲ್ಲಿ ನಾವು ಆ ಕಾರ್ಡು ನೋಡಿ, ಇವತ್ತು ಏನು ಚೆನ್ನಾಗಿತ್ತು ಎಂದು ಮಗಳನ್ನು ಕೇಳಿ, ಸಹಿ ಹಾಕಬೇಕು. ಅಷ್ಟೆ.

ಮೊದಮೊದಲು ಹಾಕಿದೆ. ಬ್ಯಾಂಕಿನಲ್ಲಿ ಹಾಕುವ ಉದ್ದದ ಸಹಿಯನ್ನೇ ಹಾಕಿದೆ.

ಮಗಳು ಬದಲಾಗುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಕಾಣುತ್ತಿತ್ತು. ಜಯಮ್ಮ ಎಬ್ಬಿಸುವ ಮೊದಲೇ ಎದ್ದು ಎರಡು ಜಡೆ ತಾನೇ ಹಾಕಿಕೊಳ್ಳುತ್ತಿದ್ದಳು. ಒಂದು ಸಂಜೆ ಆಲೆಮನೆಗೆ ಓಡಿ ಬಂದು, ಕೊಪ್ಪರಿಗೆಯ ಹಬೆಯೊಳಗೆ ನಿಂತು, "ಅಪ್ಪ, ಇವತ್ತು ಯಾರ್ಗೂ ಒಂದೇಟೂ ಹೊಡೀಲಿಲ್ಲ ಕಣಪ್ಪ! ಮೇಡಮ್ಮು ಏನಂದ್ರು ಗೊತ್ತಾ, ನಿನ್ ಕೈಗೆ ರಜ ಕೊಟ್ಟಿದೀಯ ಅಂದ್ರು" ಎಂದು ನಕ್ಕಳು. ಕೆಲಸದವರೂ ನಕ್ಕರು. ನಾನೂ ನಕ್ಕೆನೇನೋ. ಒಳಗೆ ಮಾತ್ರ ಏನೋ ಚುರ್ ಅಂದಿತು. ಲೆಕ್ಕ ಬರುವುದಿಲ್ಲ ಎಂದು, ಕ್ಲಾಸಿನಲ್ಲಿ ಎದ್ದು ನಿಂತರೆ ಕೈ ನಡುಗುತ್ತದೆ ಎಂದು ಅವಳು ಮೇಡಂಗೆ ಹೇಳಿದ್ದಳಂತೆ. ನನಗೆ ಹೇಳಿರಲಿಲ್ಲ.

ಈಗ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ಕೆಲವು ವರ್ಷ ಮುಂಚೆ ನನ್ನ ತಮ್ಮ ನಾಲೆ ನೀರಿನ ಜಗಳದಲ್ಲಿ ಒಬ್ಬನ ತಲೆ ಒಡೆದು, ಜಾಮೀನಿನ ಮೇಲೆ ಹೊರಗೆ ಬಂದಿದ್ದ. ದಿನಾ ಬೆಳಿಗ್ಗೆ ಸ್ಟೇಷನ್ನಿಗೆ ಹೋಗಿ ಸಹಿ ಹಾಕಿ ಬರಬೇಕಿತ್ತು. ಅವನು ಬಸ್ಸಿಗೆ ನಿಂತರೆ ಸಾಕು, "ಸೈನಿಗೆ ಒಂಟ ನೋಡ್ಲಾ" ಎಂದು ಅಂಗಡಿ ಜಗಲಿಯಿಂದ ಕೂಗುತ್ತಿದ್ದರು. ನಮ್ಮ ಕಡೆ ಮನುಷ್ಯ ದಿನಾ ಒಂದು ಕಡೆ ಹೋಗಿ ಮುಖ ತೋರಿಸಿ, ಸಹಿ ಹಾಕಿಸಿಕೊಂಡು ಬರುತ್ತಾನೆ ಎಂದರೆ ಅದಕ್ಕೆ ಒಂದೇ ಅರ್ಥ. ಬೇರೆ ಅರ್ಥ ಇರಬಹುದೆಂದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ತಮ್ಮಣ್ಣ ಎಂಬವನು, ನನ್ನ ವಾರಿಗೆಯವನೇ, ಎಲ್ಲರ ಮುಂದೆ ಕೇಳಿದ: "ಏನ್ಲಾ ಸಿದ್ರಾಜು, ಸೈನ್ ಹಾಕೋದು ನಿಮ್ ವಂಸದಲ್ಲೇ ಬಂದದಾ? ಅವತ್ತು ತಮ್ಮ, ಈಗ ಮಗ್ಳು. ನಿನ್ ಸರ್ದಿ ಯಾವಾಗ್ಲಾ?"

ಅಂಗಡಿಯವನ ಹೆಂಡತಿಯೂ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಟೀ ಅರ್ಧಕ್ಕೆ ಬಿಟ್ಟು ಎದ್ದೆ. ಸೀದಾ ಸ್ಕೂಲಿಗೆ ಹೋದೆ. ಮಕ್ಕಳು ಇನ್ನೂ ಬಂದಿರಲಿಲ್ಲ. ಮೇಡಂ ಆಗಲೇ ಬಂದು ಮೆಟ್ಟಿಲ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದರು. ಮನೆಯಲ್ಲಿ ತಿನ್ನಲು ಹೊತ್ತು ಸಿಕ್ಕಿರಲಿಕ್ಕಿಲ್ಲ — ಇದು ಆಗ ಹೊಳೆಯಲಿಲ್ಲ, ಈಗ ಹೊಳೆಯುತ್ತದೆ.

ಜಗಳ ಆಡಲೆಂದೇ ಹೋದವನು. ಆದರೆ ಅವರು ಎದ್ದು ನಿಂತು, "ಬನ್ನಿ ಬನ್ನಿ, ಕಾವ್ಯ ಈ ವಾರ ಎಷ್ಟು ಚೆನ್ನಾಗಿದ್ದಾಳೆ ಗೊತ್ತಾ?" ಅಂದರು. ಜಗಳಕ್ಕೆ ಜಾಗವೇ ಇಲ್ಲದಂತಾಯಿತು. ಜಗಳ ಆಡಿದ್ದರೆ ಒಳ್ಳೆಯದಿತ್ತು. ಅವರು ತಿರುಗಿ ಏನಾದರೂ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆನೋ ಏನೋ... ನಾನು ಜಗಳ ಆಡಲಿಲ್ಲ. ಮೆತ್ತಗಿನ ದನಿ ಮಾಡಿಕೊಂಡೆ.

"ಅವ್ಳಿಗೆ ನಿಮ್ತಾವ ಬರಕ್ಕೆ ಇಷ್ಟ ಇಲ್ವಂತೆ ಮೇಡಂ. ನಿಮ್ ಮಕ ಕಂಡ್ರೆ ಆಗಲ್ವಂತೆ. ಬಲವಂತ ಮಾಡಿದ್ರೆ ಸ್ಕೂಲೇ ಬುಟ್ಬುಡ್ತೀನಿ ಅಂತಾವ್ಳೆ."

ಅವರ ಮುಖ ನೋಡುವ ಧೈರ್ಯ ನನಗಿತ್ತು. ನೋಡಿದೆ. ಹಣ್ಣಿನ ಸಿಪ್ಪೆ ಅವರ ಕೈಯಲ್ಲೇ ಇತ್ತು.

"ಅವಳೇ ಹೇಳಿದ್ಲಾ?"

"ಊ ಕಣಮ್ಮ. ಅತ್ಕಂಡು ಹೇಳುದ್ಲು."

ಸಿಪ್ಪೆಯನ್ನು ಮಡಚಿ ಪಕ್ಕಕ್ಕಿಟ್ಟು ಅವರು ಹೇಳಿದರು: "ಸರಿ. ನಾನಾಗಿ ಕರೆಯಲ್ಲ. ಆದ್ರೆ ನಾನು ಇಲ್ಲೇ ಕೂತಿರ್ತೀನಿ ಅಂತ ಅವಳಿಗೆ ಹೇಳಿ. ಯಾವತ್ತು ಬಂದ್ರೂ ಇಲ್ಲೇ ಇರ್ತೀನಿ."

ಆ ಮಾತನ್ನು ನಾನು ಮಗಳಿಗೆ ತಲುಪಿಸಲಿಲ್ಲ. ಬದಲಿಗೆ ಮನೆಗೆ ಹೋಗಿ, ಸ್ಕೂಲಿಗೆ ಹೊರಟಿದ್ದವಳನ್ನು ಮೈ ಬೆಚ್ಚಗಿದೆ, ಜ್ವರ ಎಂದು ನೆಪ ಹೇಳಿ ಆ ದಿನ ಮನೆಯಲ್ಲೇ ಉಳಿಸಿಕೊಂಡು, ಸಂಜೆ, ಅಂಗಳದಲ್ಲಿ ಕೂತಿದ್ದವಳಿಗೆ ಹೇಳಿದೆ: "ಮೇಡಮ್ಮು ಸಿಕ್ಕಿದ್ರು ಮಗ. ನಿನ್ ಕೈಲಿ ಸಾಕಾಗೋಯ್ತಂತೆ. ಬ್ಯಾರೆ ಒಳ್ಳೆ ಮಕ್ಳನ್ನ ನೋಡ್ಕಬೇಕಂತೆ. ನಾಳೆಯಿಂದ ಬರೋದು ಬ್ಯಾಡ ಅಂದ್ರು."

"ಮೇಡಮ್ಮಾ? ನಮ್ಮ ಮೇಡಮ್ಮಾ?"

"ಮತ್ತಿನ್ಯಾರು."

ಅವಳು ಅಳಲಿಲ್ಲ. ಕೂಗಾಡಲಿಲ್ಲ. "ಓ" ಅಂದಳು. ಅಷ್ಟೇ — ಓ. ಎದ್ದು ಹೋಗಿ ಕಾಲು ತೊಳೆದುಕೊಂಡಳು. ಆ ಒಂದಕ್ಷರ ಇವತ್ತಿಗೂ ಆಲೆಮನೆಯ ಗಾಣದ ಸದ್ದಿನ ನಡುವೆಯೂ ನನಗೆ ಕೇಳಿಸುತ್ತದೆ.

ಮಾರನೆಯ ಬೆಳಿಗ್ಗೆ ಕಬ್ಬು ತರಲು ಟ್ರ್ಯಾಕ್ಟರು ತೆಗೆದುಕೊಂಡು ಸ್ಕೂಲಿನ ಪಕ್ಕದಲ್ಲೇ ಹೋದೆ. ಬೇರೆ ದಾರಿಯೂ ಇತ್ತು. ಟ್ರ್ಯಾಕ್ಟರಿನ ಮೇಲೆ ಕೂತರೆ ಕಾಂಪೌಂಡಿನ ಒಳಗೆಲ್ಲ ಕಾಣುತ್ತದೆ. ಮೇಡಂ ಮೆಟ್ಟಿಲ ಮೇಲೆ ಕೂತಿದ್ದರು. ಕಾವ್ಯ ಗೇಟಿನಿಂದ ಬಂದವಳು ಆ ಕಡೆ ತಿರುಗದೆ, ಸೈಕಲ್ ಸ್ಟ್ಯಾಂಡಿನ ಹಿಂದಿನಿಂದ ಸುತ್ತು ಹಾಕಿಕೊಂಡು ಕ್ಲಾಸಿಗೆ ಹೋದಳು. ಮೇಡಂ ಅವಳನ್ನು ಕಂಡು ಅರ್ಧ ಎದ್ದರು. ಮತ್ತೆ ಕೂತರು. ಇಬ್ಬರಿಗೂ ಕರೆಯಲು ಬಾಯಿತ್ತು, ಇಬ್ಬರ ಬಾಯಿಗೂ ನಾನು ಅಡ್ಡ ಕೂತಿದ್ದೆ. ನಾನು ಗೇರು ಬದಲಾಯಿಸಿ ಮುಂದೆ ಹೋದೆ.

ಅವತ್ತಿನಿಂದ ಬೇರೆ ದಾರಿಯಲ್ಲೇ ಕಬ್ಬು ತರಿಸಿದೆ. ಆದರೂ ಎಲ್ಲಿ ಮೆಟ್ಟಿಲು ಕಂಡರೂ — ತಾಲ್ಲೂಕು ಕಚೇರಿಯದಾಗಲಿ, ಬಸರಾಳು ದೇವಸ್ಥಾನದ್ದಾಗಲಿ — ಅಲ್ಲೊಬ್ಬರು ಕೂತಿರುತ್ತಾರೆ. ಅರ್ಧ ಏಳುತ್ತಾರೆ. ಮತ್ತೆ ಕೂರುತ್ತಾರೆ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಜಗಳ ಮತ್ತೆ ಶುರುವಾಯಿತು, ಮೊದಲಿಗಿಂತ ಹೆಚ್ಚಾಯಿತು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಅವಳು ಕೂರಲೇ ಇಲ್ಲ. "ಅಪ್ಪನ್ ರಕ್ತ" ಎಂದು ಜನ ಅಂದರು. ನಾನು ಎದೆ ಉಬ್ಬಿಸಿ, "ನಾನೂ ಓದ್ಲಿಲ್ಲ, ಏನ್ ಕಮ್ಮಿಯಾಗದೆ ನಂಗೆ?" ಅಂದೆ. ಮದ್ದೂರಿನ ಹತ್ತಿರದ ಗಾರ್ಮೆಂಟ್ಸಿಗೆ ಹೋದಳು, ದುಡಿದಳು. ಆಮೇಲೆ ಮದುವೆಯಾಯಿತು. ಅಳಿಯ ಗೂಡ್ಸ್ ಆಟೋ ಓಡಿಸುತ್ತಾನೆ, ಒಳ್ಳೆಯವನು. ಮಂಡ್ಯದ ಗುತ್ತಲಿನಲ್ಲಿ ಬಾಡಿಗೆ ಮನೆ. ಒಂದು ಹೆಣ್ಣು ಮಗು.

ಅವಳ ಬದುಕು ಹಾಳಾಗಿಲ್ಲ, ಹಾಗೆ ಹೇಳಿ ನನ್ನ ಪಾಪವನ್ನು ದೊಡ್ಡದು ಮಾಡಿಕೊಳ್ಳುವುದಿಲ್ಲ. ಕೆಟ್ಟದ್ದು ಬೇರೆ ಒಂದು. ಅವಳು ಯಾರನ್ನೂ ನೆಚ್ಚುವುದಿಲ್ಲ. ಗಂಡನನ್ನೂ ಪೂರ್ತಿ ನೆಚ್ಚುವುದಿಲ್ಲ. ಈ ವರ್ಷ ಮೊಮ್ಮಗಳನ್ನು ಸ್ಕೂಲಿಗೆ ಹಾಕಿದಾಗ ನಾನೂ ಜೊತೆಗೆ ಹೋಗಿದ್ದೆ. ಮಗು ಅಳುತ್ತಿತ್ತು. ಅಲ್ಲಿನ ಮಿಸ್ಸು, ಚಿಕ್ಕ ವಯಸ್ಸಿನ ಹುಡುಗಿ, "ದಿನಾ ಬೆಳಿಗ್ಗೆ ನಾನೇ ಗೇಟಲ್ಲಿ ನಿಂತು ಎತ್ಕೋತೀನಿ, ಆಮೇಲೆ ಅಭ್ಯಾಸ ಆಗುತ್ತೆ" ಅಂದಳು. ಕಾವ್ಯ, "ಬೇಡ ಮಿಸ್, ಅತ್ರೆ ಅಳ್ಲಿ, ಅದ್ನೆಲ್ಲ ಅಭ್ಯಾಸ ಮಾಡ್ಬೇಡಿ" ಅಂದಳು. ಹೊರಗೆ ಬಂದು ನನಗೆ ಹೇಳಿದಳು, "ಸಾಕಾದ್ಮೇಲೆ ಎಲ್ರೂ ಬುಟ್ಬುಡ್ತಾರೆ ಕಣಪ್ಪ. ಮೊದ್ಲೇ ಗೊತ್ತಿದ್ರೆ ವಾಸಿ."

ನನ್ನ ಸುಳ್ಳು ನನ್ನ ಮೊಮ್ಮಗಳ ತನಕ ನಡೆದು ಬಂದಿತ್ತು.

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಹೋದ ತಿಂಗಳು ಸುಜಾತ ಮೇಡಂ ಆಲೆಮನೆಗೆ ಬಂದರು. ರಿಟೈರ್ ಆಗಿದ್ದಾರೆ, ತಲೆ ಪೂರ್ತಿ ಬೆಳ್ಳಗಾಗಿದೆ. ತಂಗಿಯ ಮನೆಯ ಗೃಹಪ್ರವೇಶಕ್ಕೆ ಬೆಲ್ಲ ಬೇಕಾಗಿತ್ತಂತೆ, ಯಾರೋ ನಮ್ಮ ಆಲೆಮನೆ ತೋರಿಸಿದ್ದರು. ನಾನು ಒಲೆಯ ಕಡೆ ಮುಖ ತಿರುಗಿಸಿಕೊಂಡೆ.

"ನೀವು ಕಾವ್ಯನ ಅಪ್ಪ ಅಲ್ವಾ?"

ಹೌದು ಎಂದೆ. ಅವರು ಬೆಲ್ಲದ ಮಾತೇ ಬಿಟ್ಟರು. ಅವಳು ಎಲ್ಲಿದ್ದಾಳೆ, ಚೆನ್ನಾಗಿದ್ದಾಳಾ, ಮಕ್ಕಳೆಷ್ಟು — ಎಲ್ಲ ಕೇಳಿದರು. ಆಮೇಲೆ ದನಿ ಇಳಿಸಿ ಹೇಳಿದರು: "ನಾನು ಯಾವ ಮಾತಲ್ಲಿ ಆ ಮಗೂಗೆ ನೋವು ಮಾಡ್ದೆ ಅಂತ ಇವತ್ತಿಗೂ ಹುಡುಕ್ತಾ ಇದೀನಿ. ಸಿಕ್ಕಿಲ್ಲ. ಮುಂದಿನ ವರ್ಷದಿಂದ ಮೆಟ್ಟಿಲ ಮೇಲೆ ಕೂತು ಮಕ್ಕಳನ್ನ ಮಾತಾಡ್ಸೋ ಆ ಕೆಲಸಾನೇ ಬಿಟ್ಬಿಟ್ಟೆ. ನನ್ನಿಂದ ಇನ್ನೊಂದು ಮಗು ಓಡಿ ಹೋದ್ರೆ ಅಂತ ಹೆದರಿಕೆ ಆಯ್ತು."

ಅಂದರೆ ಮುಂದಿನ ವರ್ಷದ ಮಕ್ಕಳು, ಅದರ ಮುಂದಿನ ವರ್ಷದ ಮಕ್ಕಳು... ಅವರನ್ನು ನಾನು ಕಂಡೇ ಇಲ್ಲ. ಅವರ ಮುಂದೆಯೂ ಆ ಮೆಟ್ಟಿಲು ಖಾಲಿ ಬಿದ್ದದ್ದು ನನ್ನಿಂದ.

"ಅವಳ ಫೋನ್ ನಂಬರ್ ಕೊಡಿ, ಒಂದ್ಸಲ ಮಾತಾಡ್ತೀನಿ" ಅಂದರು. ಫೋನು ನನ್ನ ಜೇಬಿನಲ್ಲೇ ಇತ್ತು. "ಮೊನ್ನೆ ನಂಬರ್ ಬದಲಾಯಿಸ್ಬುಟ್ಟವ್ಳೆ ಮೇಡಂ, ನನ್ತಾವ ಇಲ್ಲ" ಅಂದೆ. ಹೌದು, ಮತ್ತೆ. ಈ ವಯಸ್ಸಿನಲ್ಲಿ, ಬಿಳಿ ತಲೆಯ ಹೆಂಗಸಿನ ಮುಂದೆ, ಅದೇ ಮೆತ್ತಗಿನ ದನಿಯಲ್ಲಿ. ಅವರು ತಮ್ಮ ನಂಬರು ಹೇಳಿದರು, ನಾನು ಒತ್ತಿಕೊಂಡೆ. ಬೆಲ್ಲ ಕಾರಿಗೆ ಹಾಕಿಸಿಕೊಟ್ಟೆ. ಹೋಗುವಾಗ ಅವರು ನನಗೆ ಕೈಮುಗಿದರು.

ತಮ್ಮಣ್ಣನ ಮಾತಿನಿಂದ ಹೀಗಾಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವಮಾನ ಇತ್ತು, ಸರಿ. ಆದರೆ ಅದಕ್ಕಿಂತ ಒಳಗೆ ಇನ್ನೊಂದಿತ್ತು — ನನ್ನ ಮಗಳು ಇನ್ನೊಬ್ಬರ ಮಾತಿಗೆ ಒಳ್ಳೆಯವಳಾಗುತ್ತಿದ್ದಳು. ನನ್ನ ಏಟಿಗೆ ಆಗದವಳು ಅವರ ಒಂದು ಪ್ರಶ್ನೆಗೆ ಆಗುತ್ತಿದ್ದಳು. ಅದನ್ನು ನಾನು ಸಹಿಸಲಿಲ್ಲ. ಹೆಸರಿಟ್ಟು ಹೇಳಬೇಕೆಂದರೆ ಹೊಟ್ಟೆಕಿಚ್ಚು.

ನಾಳೆ ಭಾನುವಾರ. ಬೆಳಗಿನ ಬಸ್ಸಿಗೆ ಗುತ್ತಲಿಗೆ ಹೋಗುತ್ತೇನೆ. ಅಳಿಯನ ಮುಂದೆಯೇ ಹೇಳುತ್ತೇನೆ, ಜಯಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ. ಮೇಡಂ ಹೇಳಿದ ಮಾತನ್ನು, ಯಾವತ್ತು ಬಂದರೂ ಇಲ್ಲೇ ಇರುತ್ತೇನೆ ಎಂದದ್ದನ್ನು, ಒಂದಕ್ಷರ ಬಿಡದೆ ಒಪ್ಪಿಸುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಅಯ್ಯೋ ಪಾಪ ಎಂದು ಕ್ಷಮಿಸಿಬಿಡಬಹುದು. ನಂಬರು ಕೊಟ್ಟು ಹೊರಗೆ ಬಂದು ನಿಲ್ಲುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಆಲೆಮನೆ ಒಂದು, ಕೊಪ್ಪರಿಗೆ ಎರಡು, ಟ್ರ್ಯಾಕ್ಟರು ಒಂದು, ಎರಡು ಎಕರೆ ಕಬ್ಬು, ಹೆಂಡತಿ, ಮೊಮ್ಮಗಳು ಒಬ್ಬಳು, ಮಳವಳ್ಳಿಯ ಒಂದು ಫೋನ್ ನಂಬರು. ಮಗಳು ಒಬ್ಬಳು — ಇವತ್ತಿನ ಮಟ್ಟಿಗೆ.