ನೋಟದೊಳಗೊಂದು ಮಂಚ

ನಮ್ಮ ಗುಡ್ಡದ ಮೇಲೆ ನಲವತ್ತೊಂದು ಮನೆಗಳಿವೆ, ನಲವತ್ತೊಂದಕ್ಕೂ ಕಣಿವೆ ಕಾಣುತ್ತದೆ. ಪೇಟೆಗೆ ಅರ್ಧ ಗಂಟೆಯ ದಾರಿ. ಗಾಳಿ ಚೆನ್ನಾಗಿದೆ, ನೀರು ಚೆನ್ನಾಗಿದೆ, ಜನರ ವಿಷಯ ಮಾತ್ರ ನನ್ನ ಬಾಯಿಂದ ಕೇಳಬೇಡಿ. ಎಲ್ಲರ ಮನೆಯ ದೊಡ್ಡ ಕಿಟಕಿಯಲ್ಲೂ ಕಾಣುವುದು ಒಂದೇ: ದೂರದಲ್ಲಿ ಬೆಟ್ಟದ ಸಾಲು, ನಡುವೆ ಒಂದು ತೊರೆ, ತೀರಾ ಕೆಳಗೆ ಹೆಂಚಿನ ಪುಟ್ಟ ಮನೆ, ಅದಕ್ಕೊಂದು ನೀಲಿ ಬಾಗಿಲು, ಅಂಗಳದಲ್ಲಿ ಒಂದು ಮರ. ಬಂದ ನೆಂಟರೆಲ್ಲ ಬಾಯಿಬಿಟ್ಟು ನೋಡುವುದು ಆ ಪುಟ್ಟ ಮನೆಯನ್ನೇ. ಅದಿಲ್ಲದಿದ್ದರೆ ಬರೀ ಬೆಟ್ಟ. ಬೆಟ್ಟವನ್ನು ಎಷ್ಟು ಹೊತ್ತು ಅಂತ ನೋಡುವುದು?

ಆ ಮನೆ ಪ್ಲಂಬರಪ್ಪನದು. ಗುಡ್ಡದ ಮೇಲೆ ಒಂದು ಇಟ್ಟಿಗೆಯೂ ಬೀಳುವ ಮೊದಲೇ ಆತ ಕೆಳಗೆ ಮನೆ ಕಟ್ಟಿಕೊಂಡಿದ್ದ. ನಲವತ್ತೊಂದು ಮನೆಗಳಿಗೂ ಪೈಪ್ ಹಾಕಿದ್ದು ಆತನೇ. ಯಾರ ಮನೆಯ ಯಾವ ಗೋಡೆಯೊಳಗೆ ಯಾವ ಪೈಪ್ ಎಲ್ಲಿ ತಿರುಗುತ್ತದೆಂದು ಕಣ್ಣುಮುಚ್ಚಿ ಹೇಳುತ್ತಾನೆ. ಅರವತ್ತರ ಹತ್ತಿರದ ಮನುಷ್ಯ, ಗಟ್ಟಿಮುಟ್ಟಾಗಿದ್ದಾನೆ. ಹೆಂಡತಿ ತೀರಿಕೊಂಡು ಎಂಟು ವರ್ಷ. ಸಿಟ್ಟು ಎಂಬುದನ್ನು ಆತನ ಮುಖದಲ್ಲಿ ನಾನು ಕಂಡಿಲ್ಲ. ನನ್ನ ಮುಖದಲ್ಲಿ ಬೇರೇನನ್ನೂ ಯಾರೂ ಕಂಡಿಲ್ಲ ಎನ್ನುತ್ತಾರೆ, ಅದು ಬೇರೆ ಮಾತು.

ನಾನು ನಿವೃತ್ತ ಭೂಗೋಳದ ಟೀಚರ್. ಮೂರನೇ ಸಾಲಿನಲ್ಲಿ ಒಬ್ಬಳೇ ಇದ್ದೇನೆ. ಅಕ್ಷರ ದುಂಡಗಿದೆ ಎಂಬ ಒಂದೇ ತಪ್ಪಿಗೆ ನಿವಾಸಿಗಳ ಸಂಘದ ಕಾರ್ಯದರ್ಶಿಯ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ. ಹಾಗಾಗಿ ಪ್ಲಂಬರಪ್ಪನಿಗೆ ಹೋದ ಪತ್ರಗಳೆಲ್ಲ ನಾನೇ ಬರೆದವು. ಅಂಗಳದ ಪ್ಲಾಸ್ಟಿಕ್ ಡ್ರಮ್ಮನ್ನು ಮನೆಯ ಹಿಂದಕ್ಕೆ ಸರಿಸಬೇಕಾಗಿ ಒಂದು ಪತ್ರ. ಬಿಳಿ ಬಟ್ಟೆ ಕಣ್ಣಿಗೆ ಹೊಡೆಯುವುದರಿಂದ ಒಣಹಾಕುವಾಗ ಬಣ್ಣದ್ದನ್ನು ಮುಂದಕ್ಕೆ ಹಾಕಬೇಕಾಗಿ ಇನ್ನೊಂದು. ಅದು ನಮ್ಮ ಅಧ್ಯಕ್ಷರಾದ ನಿವೃತ್ತ ಜಡ್ಜ್ ಸಾಹೇಬರ ಒತ್ತಾಯ. ಮೇಲಿನ ಸಾಲಿನ ಚಿತ್ರ ಬರೆಯುವ ಹೆಂಗಸಿಗೆ ಮರದ ಕೆಳಗೆ ಕೂತ ಪ್ಲಂಬರಪ್ಪನ ಎಡಗೈ ಬಿಡಿಸುವುದು ಬಾಕಿಯಿತ್ತಂತೆ. ಗುರುವಾರ ಮತ್ತೊಮ್ಮೆ ಅಲ್ಲೇ ಕೂರಬೇಕೆಂದು ಬರೆಸಿದಳು. ಆತ ಕೂತ. ಅದೇ ಹೊತ್ತಿಗೆ ಏಳನೇ ಮನೆಯಲ್ಲಿ ಪೈಪ್ ಒಡೆದು ಹಾಲ್‌ನಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಕರೆದಾಗ ಬರಲಿಲ್ಲವೆಂದು ಏಳನೇ ಮನೆಯವರು ದೂರು ಕೊಟ್ಟರು. ಆ ಪತ್ರವನ್ನೂ ನಾನೇ ಬರೆದೆ.

ಪ್ರತಿ ಪತ್ರಕ್ಕೂ ಆತ ಖುದ್ದಾಗಿ ಮೆಟ್ಟಿಲು ಹತ್ತಿ ಬಂದು ಹೇಳುತ್ತಿದ್ದುದು ಇಷ್ಟೇ: "ನಿಮಗೆ ಹಾಗೇ ಚೆನ್ನಾಗಿ ಕಾಣುತ್ತೆ ಅಂದ್ರೆ ಹಾಗೇ ಇರ್ಲಿ ಬಿಡಿ ಟೀಚರಮ್ಮ."

ಹೀಗಿರುವಾಗ ಆತನ ಅಕ್ಕ ಬಿದ್ದು ಸೊಂಟ ಮುರಿದುಕೊಂಡರು. ತಾಯಿ ಇಲ್ಲದ ತಮ್ಮನನ್ನು ಕಂಡವರ ಮನೆಯ ಬಟ್ಟೆ ಇಸ್ತ್ರಿ ಮಾಡಿ ಸಾಕಿದ ಹೆಂಗಸು. ಆಪರೇಷನ್ ಆಯಿತು. ಮೂರು ತಿಂಗಳು ಅಲುಗಾಡಬಾರದು ಎಂದು ಹೇಳಿ, ಆಸ್ಪತ್ರೆಯವರು ಮಂಚದ ಸಮೇತ ಅವರನ್ನು ಮನೆಗೆ ಕಳಿಸಿಕೊಟ್ಟರು. ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುವ, ಬಿಚ್ಚಲು ಬಾರದ, ಹಳೇ ಕಾಲದ ಕಬ್ಬಿಣದ ಮಂಚ. ಅದರ ಅಗಲ ಮೂರೂವರೆ ಅಡಿ, ನೀಲಿ ಬಾಗಿಲಿನ ಅಗಲ ಎರಡೂವರೆ. ಹೇಗೆ ಓರೆ ಮಾಡಿದರೂ ಒಳಗೆ ಹೋಗಲಿಲ್ಲ. ಅಕ್ಕನನ್ನು ಮಂಚದ ಸಮೇತ ಮರದ ಕೆಳಗೆ ಇಳಿಸಿ ಪ್ಲಂಬರಪ್ಪ ಸುತ್ತಿಗೆ ಎತ್ತಿಕೊಂಡ. ಬೇರೆ ಯಾರಾದರೂ ಆಗಿದ್ದರೆ ಒಡೆದೇ ಬಿಡುತ್ತಿದ್ದರು. ಈ ಪುಣ್ಯಾತ್ಮ ಸುತ್ತಿಗೆ ಕೆಳಗಿಟ್ಟು, ಬಾಗಿಲು ಅಗಲ ಮಾಡಲು ಅನುಮತಿ ಕೇಳಿ ಸಂಘಕ್ಕೆ ಅರ್ಜಿ ಹಾಕಿದ!

ಸಭೆ ಸೇರಿತು. "ಬಾಗಿಲು ಅವನದೇ ಇರಬಹುದು, ಆದರೆ ಅದು ಕಾಣೋದು ನಮಗೆ," ಎಂದರು ಜಡ್ಜ್ ಸಾಹೇಬರು. ಎಲ್ಲರೂ ತಲೆಯಾಡಿಸಿದರು. ಅಷ್ಟೊಂದು ನೀಲಿ ಜಾಸ್ತಿಯಾಗುವುದಿಲ್ಲವೇ ಎಂದು ಚಿತ್ರದ ಹೆಂಗಸು ಸಂಕಟಪಟ್ಟಳು. ಪರಿಶೀಲನೆಗೆ ಉಪಸಮಿತಿ ಮಾಡಿದರು. ಉಪಸಮಿತಿಯವರು ಒಂದಡಿ ಅಗಲದ ರಟ್ಟಿಗೆ ನೀಲಿ ಬಣ್ಣ ಬಳಿದು, ಬಾಗಿಲ ಪಕ್ಕದ ಗೋಡೆಗೆ ಅಂಟಿಸಿ ಬಂದು, ಎರಡು ದಿನ ತಂತಮ್ಮ ಕಿಟಕಿಯಿಂದ ನೋಡಿದರು. ಮೂರನೇ ದಿನ ಗಾಳಿ ಆ ರಟ್ಟನ್ನು ಹಾರಿಸಿಕೊಂಡು ಹೋಯಿತು. ಪರಿಶೀಲನೆ ಅಪೂರ್ಣ ಎಂದು ನಾನು ಬರೆದುಕೊಂಡೆ.

ತೀರ್ಮಾನ ಆಗುವವರೆಗೆ ಅಕ್ಕ ಅಂಗಳದಲ್ಲೇ. ರಾತ್ರಿ ಹೊತ್ತು ಮಂಚದ ಮೇಲೆ ಟಾರ್ಪಾಲು ಕಟ್ಟಬಹುದು ಎಂದು ಸಂಘ ದೊಡ್ಡ ಮನಸ್ಸು ಮಾಡಿತು, ಯಾಕೆಂದರೆ ಕತ್ತಲಲ್ಲಿ ನೋಟ ಇರುವುದಿಲ್ಲವಲ್ಲ. ಹಗಲು ಬಿಚ್ಚಬೇಕು.

ಮೊದಲ ವಾರ ಎಲ್ಲರೂ ಮುಖ ಸಿಂಡರಿಸಿದರು. ಎರಡನೇ ವಾರಕ್ಕೆ ರೂಢಿಯಾಯಿತು. ಮೂರನೇ ವಾರ, ಹೋದ ವರ್ಷಕ್ಕಿಂತ ಈ ವರ್ಷವೇ ಕಣಿವೆ ಚೆನ್ನಾಗಿದೆ ಎಂದು ಜಡ್ಜ್ ಸಾಹೇಬರೇ ಹೇಳಿದರು. ಚಿತ್ರದ ಹೆಂಗಸು ಹೊಸ ಚಿತ್ರ ಶುರು ಮಾಡಿದಳು. ನಾನೂ ಕಡಿಮೆಯವಳೇನಲ್ಲ. ಬೆಳಿಗ್ಗೆ ಎಂಟಕ್ಕೆ ಟೀ ಹಿಡಿದು ಕಿಟಕಿಯ ಹತ್ತಿರ ಕೂರುವ ಹೊತ್ತಿಗೆ ಕೆಳಗೆ ಅಕ್ಕನ ತಿಂಡಿ ನಡೆದಿರುತ್ತಿತ್ತು. ಒಂದು ದಿನ ಯಾಕೋ ಕೈ ಬೀಸಿದೆ. ಮಾರನೆಯ ದಿನ ಮತ್ತೆ ಬೀಸಿದೆ. ಮಂಚದಿಂದ ಒಂದು ಕೈ ಮೇಲೆದ್ದಿತು! ಅಲ್ಲಿಂದಾಚೆಗೆ ದಿನ ತಪ್ಪಲಿಲ್ಲ. ಎಂಟಕ್ಕೆ ನಾನು ಬೀಸುವುದು, ಅವರು ಬೀಸುವುದು. ಏಳೂವರೆಗೇ ತಲೆ ಬಾಚಿಕೊಂಡು ಕೂರಲು ಶುರು ಮಾಡಿದೆ ಎಂದರೆ ನೀವೇ ಲೆಕ್ಕ ಹಾಕಿ.

ಮೂವತ್ತೊಂದನೇ ದಿನ ಮೋಡ ಕವಿಯಿತು. ಪ್ಲಂಬರಪ್ಪ ಏದುಸಿರು ಬಿಡುತ್ತಾ ಸಭೆಗೆ ಬಂದ.

"ಮಳೆ ಬರೋ ಹಾಗಿದೆ ಸಾರ್. ಎಪ್ಪತ್ತನಾಲ್ಕು ವರ್ಷದ ಜೀವ, ನೆನೆದ್ರೆ ಉಳಿಯಲ್ಲ. ಬಾಗಿಲು ಒಡೆದು ಅಕ್ಕನ್ನ ಒಳಗೆ ತಗೊಂಡು ಹೋಗ್ತೀನಿ."

ಜಡ್ಜ್ ಸಾಹೇಬರು ನಿಯಮದ ಪುಸ್ತಕ ತೆರೆದರು. ಹದಿನಾಲ್ಕನೇ ನಿಯಮ: ಮೂವತ್ತು ದಿನ ನೋಟದಲ್ಲಿದ್ದದ್ದು ನೋಟದ ಭಾಗ, ಅದನ್ನು ನೋಡುವ ಪ್ರತಿ ಮನೆಯವರೂ ಸಹಿ ಹಾಕದೆ ಅದನ್ನು ತೆಗೆಯುವಂತಿಲ್ಲ, ಬದಲಾಯಿಸುವಂತಿಲ್ಲ. ಯಾವುದೋ ಮರ ಕಡಿಯುವ ಜಗಳದಲ್ಲಿ ಮಾಡಿದ ನಿಯಮ ಅದು.

"ನಿನ್ನೆಗೆ ಮೂವತ್ತು ದಿನ ಆಯ್ತು," ಎಂದರು ಸಾಹೇಬರು, ಪಾಪ, ಬೇಸರದಿಂದಲೇ. "ಈಗ ಬಾಗಿಲು ಮಾತ್ರ ಅಲ್ಲಪ್ಪ. ನಿಮ್ಮ ಅಕ್ಕನೂ ನೋಟಕ್ಕೆ ಸೇರಿದಾರೆ."

ಸಂಘಕ್ಕೆ ಬುದ್ಧಿ ಇಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೂ ಒಪ್ಪಿಗೆ ಪತ್ರವನ್ನು ದುಂಡಗೆ ಬರೆದುಕೊಟ್ಟೆ. ಪ್ಲಂಬರಪ್ಪ ಅದನ್ನು ಹಿಡಿದು ಮನೆ ಮನೆ ಹತ್ತಿದ. ಬಾಗಿಲಿನ ಹೊಸ ಭಾಗಕ್ಕೂ ಅದೇ ನೀಲಿ ಹಚ್ಚಬೇಕೆಂದು ಹೇಳಿ ಜಡ್ಜ್ ಸಾಹೇಬರು ಸಹಿ ಹಾಕಿದರು. ಏಳನೇ ಮನೆಯವರು ಸಿಂಕ್ ಸರಿ ಮಾಡಿಸಿಕೊಂಡು ಹಾಕಿದರು. ಚಿತ್ರದ ಹೆಂಗಸು ಮಂಚದ ಕಾಲು ಬರೆದು ಮುಗಿಸುವವರೆಗೆ ಆತನನ್ನು ಬಾಗಿಲಲ್ಲಿ ನಿಲ್ಲಿಸಿ, ಆಮೇಲೆ ಕಣ್ಣೊರೆಸಿಕೊಂಡು ಹಾಕಿದಳು. ಸಂಜೆಯೊಳಗೆ ನಲವತ್ತು ಸಹಿ ಬಿದ್ದವು.

ನಲವತ್ತೊಂದನೆಯವಳು ನಾನು.

"ನಾಳೆ ಬನ್ನಿ," ಎಂದೆ. ಆತ ಮರುದಿನ ಬೆಳಿಗ್ಗೆ ಬಂದ. ಹನಿ ಬೀಳತೊಡಗಿತ್ತು.

"ಇನ್ನೂ ಓದಿ ಆಗಿಲ್ಲ," ಎಂದೆ. ನಾನೇ ಬರೆದ ಪತ್ರ! ಆತ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, "ಆಗ್ಲಿ ಟೀಚರಮ್ಮ," ಎಂದು ಪತ್ರವನ್ನು ಅಂಗಿಯೊಳಗೆ ಇಟ್ಟುಕೊಂಡು ಇಳಿದು ಹೋದ.

ಮುಚ್ಚುಮರೆ ಯಾಕೆ? ಅಕ್ಕ ಒಳಗೆ ಹೋದರೆ ಬೆಳಿಗ್ಗೆ ಎಂಟಕ್ಕೆ ನನಗೆ ಯಾರೂ ಇರುತ್ತಿರಲಿಲ್ಲ. ಒಬ್ಬ ಮುದುಕಿಯನ್ನು ಮಳೆಯಲ್ಲಿ ಬಿಟ್ಟಾದರೂ ಸರಿ, ನನ್ನ ಕಡೆ ಏಳುವ ಆ ಒಂದು ಕೈ ನನಗೆ ಬೇಕಾಗಿತ್ತು. ಇಷ್ಟು ವರ್ಷ ಊರಿಗೆಲ್ಲ ಛೀಮಾರಿ ಹಾಕಿದವಳು ನಾನು.

ಹತ್ತು ನಿಮಿಷದಲ್ಲಿ ಮಳೆ ಜೋರಾಯಿತು. ಕಣಿವೆಯ ತುಂಬ ಮಂಜು ಕವಿದು ಕಿಟಕಿಯಲ್ಲಿ ಏನೇನೂ ಕಾಣದಾಯಿತು. ಕೊಡೆ ಹಿಡಿದು ಹೊರಟೆ. ಹನ್ನೊಂದು ವರ್ಷದಿಂದ ಆ ಮನೆ ನೋಡುತ್ತಿದ್ದರೂ ಅಲ್ಲಿಗೆ ಇಳಿಯುವ ಮೆಟ್ಟಿಲ ಮೇಲೆ ಕಾಲಿಟ್ಟದ್ದು ಅದೇ ಮೊದಲು.

ಮಂಚದ ಮೇಲೆ ಟಾರ್ಪಾಲು ಇತ್ತು. ಅದರ ಒಂದು ಮೂಲೆಯ ಹಗ್ಗ ಹರಿದು, ಪ್ಲಂಬರಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತೊಯ್ದು ತೊಪ್ಪೆಯಾಗಿ ನಿಂತಿದ್ದ. ನಾನು ಒಳಗೆ ನುಸುಳಿ ಮಂಚದ ಅಂಚಿಗೆ ಕೂತೆ. ಅಕ್ಕನ ಕೈ ಹಿಡಿದುಕೊಂಡೆ. ತಣ್ಣಗಿತ್ತು.

"ಅಕ್ಕಾ, ನಾನು. ಮೂರನೇ ಸಾಲಿನ ಮನೆಯವಳು. ದಿನಾ ನೀವು ಕೈ ಬೀಸ್ತಿದ್ರಲ್ಲ, ನನಗೇ."

"ಹೌದಾ ತಾಯಿ?" ಎಂದರು ಅವರು, ನನ್ನ ಕಿವಿಯ ಪಕ್ಕದಲ್ಲಿ ಎಲ್ಲೋ ನೋಡುತ್ತಾ. "ನನಗೆ ಮಂಚದ ಕಾಲಿಂದ ಆಚೆ ಏನೂ ಕಾಣಲ್ಲಮ್ಮ. ಕಣ್ಣು ಮಂಜಾಗಿ ಆರು ವರ್ಷ ಆಯ್ತು. ಇವ್ನು ಕೈ ಎತ್ತು ಅಂದ್ರೆ ಎತ್ತೋದು, ಸಾಕು ಅಂದ್ರೆ ಇಳಿಸೋದು. ಯಾಕೋ ಅಂದ್ರೆ, ಮೇಲೊಬ್ರು ಇದಾರೆ ಎತ್ತಕ್ಕಾ ಅಂತಾನೆ."

ನನಗೆ ಸಿಟ್ಟು ನೆತ್ತಿಗೇರಿತು. "ಇದೇನು ಪ್ಲಂಬರಪ್ಪ, ನನ್ನನ್ನೇ ಆಟ ಆಡಿಸ್ತಿದ್ರಾ?"

"ಅಯ್ಯೋ, ಹಾಗಲ್ಲ ಟೀಚರಮ್ಮ." ಟಾರ್ಪಾಲಿನ ನೀರು ಆತನ ತೋಳಿನುದ್ದಕ್ಕೂ ಇಳಿಯುತ್ತಿತ್ತು. "ನೀವು ದಿನಾ ಒಬ್ರೇ ಕೂತಿರ್ತಿದ್ರಿ. ಮೊದಲನೇ ದಿನ ನೀವು ಬೀಸಿದಾಗ ನಾನೇ ಬೀಸ್ದೆ. ಇಲ್ಲೇ, ಮಂಚದ ಪಕ್ಕ ತಟ್ಟೆ ಹಿಡ್ಕೊಂಡು ನಿಂತಿದ್ದೆ. ನಿಮಗೆ ನಾನು ಕಾಣಿಸ್ಲಿಲ್ಲ, ಅಕ್ಕನ್ನೇ ನೋಡ್ತಿದ್ರಿ. ಅದಕ್ಕೆ ಮಾರನೇ ದಿನದಿಂದ ಅಕ್ಕನ ಕೈ ಎತ್ತಿಸ್ದೆ."

ಅಷ್ಟೂ ದಿನ ಆತ ಅಲ್ಲೇ ನಿಂತಿದ್ದ. ಮುಖ ತೊಳೆದವಳ ಹಾಗೆ ನನ್ನ ಕೆನ್ನೆಯೆಲ್ಲ ಒದ್ದೆಯಾಗಿತ್ತು, ಮಳೆಯದೇ ಎಂದು ಸುಳ್ಳು ಹೇಳುವುದಿಲ್ಲ.

"ಪತ್ರ ಕೊಡಿ," ಎಂದೆ. ಆತ ಅಂಗಿಯೊಳಗಿನಿಂದ ತೆಗೆದುಕೊಟ್ಟ. ಅಕ್ಕನ ಹೊಟ್ಟೆಯ ಮೇಲಿಟ್ಟು ಸಹಿ ಹಾಕಿದೆ, ಶಾಯಿ ಹರಡಿಕೊಂಡಿತು. ಆಮೇಲೆ ಎದ್ದು ಆತನ ಕೈಯಿಂದ ಟಾರ್ಪಾಲಿನ ಮೂಲೆಯನ್ನು ನಾನು ತೆಗೆದುಕೊಂಡೆ, ಆತ ಸುತ್ತಿಗೆ ತರಲು ಓಡಿದ.

ಚೌಕಟ್ಟು ಒಡೆದು, ಗೋಡೆ ಕಿತ್ತು, ಮಂಚ ಒಳಗೆ ಹೋಗುವಷ್ಟು ದಾರಿಯಾಗಲು ಒಂದು ಗಂಟೆಯೇ ಹಿಡಿಯಿತು. ಅಷ್ಟು ಹೊತ್ತೂ ನಾನು ಆ ಮಳೆಯಲ್ಲಿ ಕೈ ಎತ್ತಿ ನಿಂತಿದ್ದೆ. ಮಂಜು ಸರಿದಾಗ ಮೇಲಿನ ಮನೆಗಳ ಯಾವ ಕಿಟಕಿಗಾದರೂ ನಾನು ಕಂಡೆನೋ ಇಲ್ಲವೋ, ಯಾರೂ ಕೂಗಿ ಕೇಳಲಿಲ್ಲ. ಪ್ಲಂಬರಪ್ಪ ಮಾತ್ರ ನಡುವೆ ಒಮ್ಮೆ ಸುತ್ತಿಗೆ ನಿಲ್ಲಿಸಿ, ತಿರುಗಿ ನೋಡಿ, "ಕೈ ನೋಯ್ತಿದ್ಯಾ ಟೀಚರಮ್ಮ?" ಎಂದು ಕೇಳಿದ.